ಟಿವಿ ರೆಕಾರ್ಡಿಂಗನ್ನು ಡಿಸ್ಕಿಗೆ ಇಳಿಸಲು ಯಾವ ದಾರಿ? ಮೊದಲು ಬೀಗ ಎಲ್ಲಿದೆ ನೋಡಿ

ರೆಕಾರ್ಡಿಂಗ್ ಇದೆ. ಟಿವಿಯಲ್ಲಿ ಹಾಕಿದರೆ ಚೆನ್ನಾಗಿ ಓಡುತ್ತದೆ. ಡಿಸ್ಕಿಗೆ ಇಳಿಸೋಣ ಅಂತ ಹೊರಟಾಗ ಮಾತ್ರ ಪರದೆಯ ಮೇಲೆ ಒಂದು ಸಾಲು ಬರುತ್ತದೆ: ಇದನ್ನು ಕಾಪಿ ಮಾಡಲು ಅನುಮತಿ ಇಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆಗ ಹೆಚ್ಚಿನವರು ನೇರವಾಗಿ ಹೊಸ ಯಂತ್ರ ಹುಡುಕಲು ಶುರು ಮಾಡುತ್ತಾರೆ. ಸ್ವಲ್ಪ ತಡೆಯಿರಿ. ಬೀಗ ಎಲ್ಲಿ ಕೂತಿದೆ ಅಂತ ಗೊತ್ತಾಗದೆ ಯಂತ್ರ ಕೊಂಡರೆ ದುಡ್ಡು ದಂಡ.

ಕಾಪಿ ಪ್ರೊಟೆಕ್ಷನ್ ಅಂತ ನಾವು ಒಂದೇ ಹೆಸರಿನಲ್ಲಿ ಕರೆಯುತ್ತೇವೆ. ನಿಜಕ್ಕೂ ಅದು ನಾಲ್ಕು ಕಡೆ ಇರಬಹುದು: ಟೇಪಿನಿಂದ ಬರುವ ಅನಲಾಗ್ ಸಿಗ್ನಲ್‌ನಲ್ಲಿ, ಪ್ರಸಾರದ ಜತೆ ಬರುವ ಒಂದು ಗುರುತಿನಲ್ಲಿ, ಸೆಟ್ ಟಾಪ್ ಬಾಕ್ಸಿನ ಹಾರ್ಡ್ ಡಿಸ್ಕಿನಲ್ಲಿ, ಅಥವಾ ಎಚ್‌ಡಿಎಂಐ ಕೇಬಲ್‌ನಲ್ಲಿ. ಒಂದಕ್ಕೆ ಸರಿಹೋಗುವ ದಾರಿ ಇನ್ನೊಂದಕ್ಕೆ ಉಪಯೋಗವೇ ಇಲ್ಲ. ಆದ್ದರಿಂದ ಮೊದಲು ಬೀಗಗಳ ಪರಿಚಯ, ಆಮೇಲೆ ದಾರಿಗಳ ಹೋಲಿಕೆ.

ನಾಲ್ಕು ಬೀಗಗಳು

ಹಳೆಯದು ಮ್ಯಾಕ್ರೋವಿಷನ್. 1985ರಲ್ಲಿ ಸಿನಿಮಾದ ವಿಎಚ್‌ಎಸ್ ಟೇಪುಗಳಲ್ಲಿ ಬಂತು. ಟಿವಿ ಚಿತ್ರದ ಒಂದು ಚೌಕಟ್ಟು ಮುಗಿದು ಇನ್ನೊಂದು ಶುರುವಾಗುವ ನಡುವೆ ಕೆಲವು ಗೆರೆಗಳು ಕಣ್ಣಿಗೆ ಕಾಣದೆ ಹೋಗುತ್ತವೆ. ಆ ಗೆರೆಗಳಲ್ಲಿ ಬೇಕೆಂದೇ ಜೋರಾದ ಮಿಡಿತಗಳನ್ನು ತುಂಬಿರುತ್ತಾರೆ. ಟೇಪ್ ಓಡಿಸುವ, ರೆಕಾರ್ಡ್ ಮಾಡುವ ಯಂತ್ರವಾದ ವಿಸಿಆರ್ ಒಳಗೆ ಸಿಗ್ನಲ್ ಜಾಸ್ತಿಯಾದರೆ ತಗ್ಗಿಸುವ, ಕಡಿಮೆಯಾದರೆ ಏರಿಸುವ ಒಂದು ಸರ್ಕ್ಯೂಟ್ ಇದೆ. ಈ ಮಿಡಿತಗಳು ಅದನ್ನು ಮೋಸ ಮಾಡುತ್ತವೆ. ಕಾಪಿ ಮಾಡಿದ ಟೇಪ್ ಹಾಕಿ ನೋಡಿ: ಚಿತ್ರ ಒಮ್ಮೆ ಕಪ್ಪಾಗುತ್ತದೆ, ನಿಧಾನವಾಗಿ ಬೆಳಗುತ್ತದೆ, ಮತ್ತೆ ಕಪ್ಪಾಗುತ್ತದೆ. ಬಣ್ಣ ಹರಿದುಹೋಗುತ್ತದೆ. ಟಿವಿಗೆ ಮಾತ್ರ ಇದರ ಬಾಧೆ ಹೆಚ್ಚು ಕಡಿಮೆ ಇಲ್ಲ. ಆಮೇಲೆ ಬಂದ ಡಿವಿಡಿ ರೆಕಾರ್ಡರ್‌ಗಳು ಚಿತ್ರ ಕೆಡುವ ತನಕ ಕಾಯುವುದೇ ಇಲ್ಲ. ಮಿಡಿತ ಕಂಡ ತಕ್ಷಣ ರೆಕಾರ್ಡಿಂಗ್ ನಿಲ್ಲಿಸುತ್ತವೆ.

ಎರಡನೆಯದು ಸಿಜಿಎಂಎಸ್-ಎ. ಇದು ಚಿತ್ರವನ್ನು ಕೆಡಿಸುವುದಿಲ್ಲ, ಸುಮ್ನೆ ಒಂದು ಗುರುತು ಅಷ್ಟೇ. ಎರಡು ಬಿಟ್ಟುಗಳಲ್ಲಿ ನಾಲ್ಕು ಮಾತು: ಎಷ್ಟು ಬೇಕಾದರೂ ಕಾಪಿ ಮಾಡಿ, ಒಮ್ಮೆ ಮಾತ್ರ ಮಾಡಿ, ಇನ್ನು ಮುಂದೆ ಬೇಡ, ಮಾಡಲೇಬೇಡಿ. ರೆಕಾರ್ಡರ್ ಅದನ್ನು ಓದಿ ಪಾಲಿಸುತ್ತದೆ. ಡಿಜಿಟಲ್ ಪ್ರಸಾರದಲ್ಲೂ ಇದೇ ನಾಲ್ಕು ಮಾತು ಬೇರೆ ರೂಪದಲ್ಲಿ ಬರುತ್ತವೆ.

ಮೂರನೆಯದು ಬಾಕ್ಸಿನ ಎನ್‌ಕ್ರಿಪ್ಷನ್. ಸೆಟ್ ಟಾಪ್ ಬಾಕ್ಸ್ ಅಥವಾ ಟಿವಿ ಒಂದು ಹಾರ್ಡ್ ಡಿಸ್ಕಿಗೋ ಪೆನ್ ಡ್ರೈವಿಗೋ ರೆಕಾರ್ಡ್ ಮಾಡುವಾಗ, ಬಹಳಷ್ಟು ಸಲ ತನ್ನದೇ ಕೀಲಿಯಿಂದ ಫೈಲನ್ನು ಗೂಢಲಿಪಿ ಮಾಡಿಬಿಡುತ್ತದೆ. ಆ ಕೀಲಿ ಆ ಒಂದು ಪೆಟ್ಟಿಗೆಯಲ್ಲಿ ಮಾತ್ರ ಇರುತ್ತದೆ. ಅದೇ ಕಂಪನಿಯ, ಅದೇ ಮಾಡೆಲ್‌ನ ಇನ್ನೊಂದು ಪೆಟ್ಟಿಗೆಗೆ ಚುಚ್ಚಿದರೂ ಓಡುವುದಿಲ್ಲ. ಟಿವಿಯ ಮುಖ್ಯ ಬೋರ್ಡ್ ಬದಲಾಯಿಸಿದರೆ ನಿಮ್ಮ ರೆಕಾರ್ಡಿಂಗ್‌ಗಳೂ ಹೋದ ಹಾಗೆಯೇ.

ನಾಲ್ಕನೆಯದು ಎಚ್‌ಡಿಸಿಪಿ. ಇಂಟೆಲ್ ರೂಪಿಸಿದ್ದು. ಎಚ್‌ಡಿಎಂಐ ಕೇಬಲ್‌ನ ಎರಡು ತುದಿಯ ಯಂತ್ರಗಳು ಒಂದನ್ನೊಂದು ಗುರುತು ಹಿಡಿದ ಮೇಲೆಯೇ ಚಿತ್ರ ಹರಿಯುತ್ತದೆ, ಅದೂ ಗೂಢಲಿಪಿಯಲ್ಲಿ. ಆ ಕಡೆ ರೆಕಾರ್ಡ್ ಮಾಡುವ ಸಾಧನ ಇದ್ದರೆ ಕಪ್ಪು ಪರದೆ.

ನಿಮ್ಮ ಟೇಪಿನ ಮೇಲೆ ನಿಜಕ್ಕೂ ಬೀಗ ಇದೆಯಾ?

ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಅತಿ ಹೆಚ್ಚು ಜನ ತಲೆ ಕೆಡಿಸಿಕೊಳ್ಳುವುದು ಇಲ್ಲೇ.

ಮನೆಯಲ್ಲಿ ಟಿವಿಯಿಂದ ವಿಎಚ್‌ಎಸ್‌ಗೆ ರೆಕಾರ್ಡ್ ಮಾಡಿದ ಟೇಪಿನಲ್ಲಿ ಸಾಮಾನ್ಯವಾಗಿ ಮ್ಯಾಕ್ರೋವಿಷನ್ ಇರುವುದಿಲ್ಲ. ಅದು ಅಂಗಡಿಯಲ್ಲಿ ಮಾರುವ ಟೇಪಿನ ಬೀಗ. ಹಾಗಿದ್ದರೂ ಡಿವಿಡಿ ರೆಕಾರ್ಡರ್ "ಕಾಪಿ ಮಾಡಲಾಗದು" ಅನ್ನುತ್ತದೆ. ಕ್ರಿಕೆಟ್ ಪಂದ್ಯದ ಟೇಪು, ಅರ್ಧ ಗಂಟೆ ಸರಿಯಾಗಿ ಇಳಿದಿದೆ, ಮಧ್ಯದಲ್ಲಿ ಒಂದು ಜಾಗದಲ್ಲಿ ನಿಂತುಬಿಡುತ್ತದೆ. ಮತ್ತೆ ಹಾಕಿದರೆ ಅದೇ ಜಾಗ, ಅಥವಾ ಎರಡು ನಿಮಿಷ ಮುಂದೆ.

ಇದು ಸುಳ್ಳು ಬೀಗ. ಹಳೆಯ ಟೇಪು ಹಿಗ್ಗಿರುತ್ತದೆ, ಸವೆದಿರುತ್ತದೆ. ಓಡುವ ವೇಗ ಸಣ್ಣದಾಗಿ ಏರಿಳಿಯುತ್ತದೆ. ಆಗ ಆ ಕಾಣದ ಗೆರೆಗಳಲ್ಲಿ ಚಿತ್ರದ ತಾಳ ಕಾಯುವ ಸಿಂಕ್ ಮಿಡಿತಗಳು ಅಡ್ಡಾದಿಡ್ಡಿಯಾಗುತ್ತವೆ. ರೆಕಾರ್ಡರ್ ಕಣ್ಣಿಗೆ ಅದು ಮ್ಯಾಕ್ರೋವಿಷನ್ ಥರಾನೇ ಕಾಣುತ್ತದೆ. ಪತ್ತೆ ಮಾಡುವುದು ಸುಲಭ: ತೊಂದರೆ ಇಡೀ ಟೇಪಿನುದ್ದಕ್ಕೂ ಇದ್ದರೆ ನಿಜವಾದ ಬೀಗ ಇರಬಹುದು. ಅಲ್ಲಲ್ಲಿ ಮಾತ್ರ ಬಂದರೆ, ಒಂದು ರೆಕಾರ್ಡಿಂಗ್ ಮುಗಿದು ಇನ್ನೊಂದು ಶುರುವಾಗುವ ಕಡೆ ಬಂದರೆ, ಬಹುತೇಕ ಸುಳ್ಳು ಬೀಗ.

ಇದಕ್ಕೆ ಮದ್ದುಗಳು ಕ್ರಮವಾಗಿ ಹೀಗಿವೆ. ಮೊದಲು ವಿಸಿಆರ್‌ನ ಹೆಡ್ ಸ್ವಚ್ಛ ಮಾಡಿ, ಟ್ರ್ಯಾಕಿಂಗ್ ಸರಿ ಮಾಡಿ. ಟೇಪನ್ನು ಒಮ್ಮೆ ಕೊನೆವರೆಗೆ ಓಡಿಸಿ ಮತ್ತೆ ಹಿಂದಕ್ಕೆ ಸುತ್ತಿ. ಆಮೇಲೆ ಬೇರೆ ವಿಸಿಆರ್‌ನಲ್ಲಿ ಹಾಕಿ ನೋಡಿ, ಆ ಟೇಪ್ ರೆಕಾರ್ಡ್ ಆದ ವಿಸಿಆರ್ ಇನ್ನೂ ಇದ್ದರೆ ಅದೇ ಒಳ್ಳೆಯದು. ಇಷ್ಟಕ್ಕೂ ಬಗ್ಗದಿದ್ದರೆ ಟೈಮ್ ಬೇಸ್ ಕರೆಕ್ಟರ್, ಅಂದರೆ ಟಿಬಿಸಿ. ಅದು ಬಂದ ಚಿತ್ರವನ್ನು ತನ್ನ ಮೆಮೊರಿಯಲ್ಲಿ ಹಿಡಿದು, ಹೊಸ ಸಿಂಕ್ ಮಿಡಿತಗಳನ್ನು ಹಾಕಿ ಹೊರಗೆ ಕಳಿಸುತ್ತದೆ. ಅಲುಗಾಟ ಹೋಗುತ್ತದೆ, ರೆಕಾರ್ಡರ್‌ಗೆ ಗೊಂದಲವೂ ಇರುವುದಿಲ್ಲ.

ಟಿಬಿಸಿಯಲ್ಲೂ ಎರಡು ಬಗೆ. ಒಳ್ಳೆಯ ಎಸ್-ವಿಎಚ್‌ಎಸ್ (ವಿಎಚ್‌ಎಸ್‌ಗಿಂತ ಮೇಲಿನ ಗುಣಮಟ್ಟದ) ವಿಸಿಆರ್‌ಗಳ ಒಳಗೇ ಇರುವುದು ಗೆರೆ ಗೆರೆಯನ್ನು ನೆಟ್ಟಗೆ ಮಾಡುವಂಥದ್ದು. ಚಿತ್ರದ ಅಂಚು ಓಲಾಡುವುದನ್ನು ಅದು ಚೆನ್ನಾಗಿ ಸರಿ ಮಾಡುತ್ತದೆ. ಹೊರಗಿನಿಂದ ಸೇರಿಸುವ, ಪೂರ್ತಿ ಫ್ರೇಮ್ ಹಿಡಿಯುವ ಟಿಬಿಸಿ ಬೇರೆ. ಸುಳ್ಳು ಬೀಗಕ್ಕೆ ಹೆಚ್ಚು ಕೆಲಸಕ್ಕೆ ಬರುವುದು ಈ ಎರಡನೆಯದು. ಎರಡೂ ಈಗ ಹಳೆಯ ಮಾಲಿನಲ್ಲೇ ಸಿಗಬೇಕು. ಐದಾರು ಟೇಪು ಮಾತ್ರ ಇರುವವರು ಇದಕ್ಕೆ ದುಡ್ಡು ಸುರಿಯಬೇಡಿ, ಈ ಸಲಕರಣೆ ಇರುವ ಒಬ್ಬರ ಹತ್ತಿರ ಮಾಡಿಸಿಕೊಳ್ಳಿ. ಪೆಟ್ಟಿಗೆ ತುಂಬ ಟೇಪು ಇದ್ದರೆ ಲೆಕ್ಕ ಬೇರೆ.

ದಾರಿ ಒಂದು: ವಿಸಿಆರ್ ಅಥವಾ ಬಾಕ್ಸಿನಿಂದ ನೇರ ಡಿವಿಡಿ ರೆಕಾರ್ಡರ್‌ಗೆ

ಕೇಬಲ್ ಚುಚ್ಚಿ, ಒಂದು ಕಡೆ ಪ್ಲೇ, ಇನ್ನೊಂದು ಕಡೆ ರೆಕಾರ್ಡ್. ಕಂಪ್ಯೂಟರ್ ಕಂಡರೆ ಆಗದವರಿಗೆ ಇದಕ್ಕಿಂತ ಸುಲಭ ಇನ್ನೊಂದಿಲ್ಲ. ಮೂರು ಗಂಟೆ ಟೇಪಿಗೆ ಮೂರು ಗಂಟೆ ಬೇಕು, ಅಷ್ಟೇ.

4.7 ಜಿಬಿ ಡಿಸ್ಕಿನಲ್ಲಿ ಎಸ್‌ಪಿ ಮೋಡ್‌ಗೆ ಎರಡು ಗಂಟೆ ಹಿಡಿಯುತ್ತದೆ, ಸೆಕೆಂಡಿಗೆ ಸುಮಾರು 5 ಮೆಗಾಬಿಟ್ (ಎಂಬಿಪಿಎಸ್). ನಾಲ್ಕು ಗಂಟೆ, ಆರು ಗಂಟೆ ಮೋಡ್‌ಗಳೂ ಇವೆ. ಆರು ಗಂಟೆಯದನ್ನು ಮರೆತುಬಿಡಿ. ಜನ ಓಡಿದರೆ, ನೀರು ಅಲುಗಿದರೆ ಚಿತ್ರ ಚೌಕ ಚೌಕವಾಗುತ್ತದೆ. ವಿಎಚ್‌ಎಸ್‌ನಲ್ಲೇ ವಿವರ ಕಡಿಮೆ ಅಲ್ವಾ, ಜಾಸ್ತಿ ಬಿಟ್‌ರೇಟ್ ಯಾಕೆ ಅಂತ ಕೇಳುವವರಿದ್ದಾರೆ. ವಿವರ ಕಡಿಮೆ ಹೌದು, ಆದರೆ ಕಾಳು ಕಾಳಾದ ಗದ್ದಲ ಜಾಸ್ತಿ. ಡಿವಿಡಿಯ ಚಿತ್ರವನ್ನು ಚಿಕ್ಕದು ಮಾಡುವ ಎಂಪೆಗ್-2 ಪದ್ಧತಿಗೆ ಆ ಗದ್ದಲವೇ ದೊಡ್ಡ ಹೊರೆ. ಟೇಪಿಗೆ ಎರಡು ಗಂಟೆ ಮೋಡ್‌ಗಿಂತ ಕೆಳಗೆ ಇಳಿಯಬೇಡಿ.

ಇಲ್ಲಿ ಇನ್ನೊಂದು ಗೊಂದಲ ಡಿಸ್ಕಿನ ಬಗೆಯದು. "ಒಮ್ಮೆ ಮಾತ್ರ" ಅನ್ನುವ ಗುರುತು ಇರುವ ಪ್ರಸಾರವನ್ನು ಸಾಮಾನ್ಯ ಡಿವಿಡಿಗೆ ರೆಕಾರ್ಡರ್ ಬರೆಯುವುದಿಲ್ಲ. ಅದಕ್ಕೆ ಸಿಪಿಆರ್‌ಎಂ ಎಂಬ ಕಾಪಿ ಕಾವಲು ಇರುವ ಡಿಸ್ಕ್ ಬೇಕು, ಅದನ್ನು ವಿಆರ್ (ವಿಡಿಯೋ ರೆಕಾರ್ಡಿಂಗ್) ಮೋಡ್‌ನಲ್ಲಿ ಫಾರ್ಮ್ಯಾಟ್ ಮಾಡಿರಬೇಕು. ಡಿವಿಡಿ-ಆರ್, ಡಿವಿಡಿ-ಆರ್‌ಡಬ್ಲ್ಯೂ, ಡಿವಿಡಿ-ರ‍್ಯಾಮ್ ಮೂರರಲ್ಲೂ ಸಿಪಿಆರ್‌ಎಂ ಬಗೆಯವು ಇವೆ, ಡಬ್ಬದ ಮೇಲೆ ಬರೆದಿರುತ್ತದೆ. ಪ್ಲಸ್ ಗುರುತಿನ ಡಿವಿಡಿ+ಆರ್ ಕೊಂಡರೆ ಈ ಕೆಲಸಕ್ಕೆ ಬರುವುದಿಲ್ಲ. ಹೀಗೆ ಬರೆದ ಡಿಸ್ಕ್ ಎಲ್ಲ ಪ್ಲೇಯರ್‌ನಲ್ಲೂ ಓಡುವುದಿಲ್ಲ, ಸಿಪಿಆರ್‌ಎಂ ಓದುವ ಪ್ಲೇಯರ್ ಬೇಕು. ಕಂಪ್ಯೂಟರಿನಲ್ಲೂ ಲೈಸೆನ್ಸ್ ಇರುವ ಸಾಫ್ಟ್‌ವೇರ್ ಬೇಕು. ಆ ಡಿಸ್ಕಿನಿಂದ ಇನ್ನೊಂದು ಡಿಸ್ಕ್ ಮಾಡುವ ಆಸೆ ಬಿಡಿ. ಅದರ ಗುರುತು ಈಗ "ಇನ್ನು ಮುಂದೆ ಬೇಡ" ಅಂತ ಬದಲಾಗಿರುತ್ತದೆ.

ಸಾಮಾನ್ಯ ವಿಡಿಯೋ ಮೋಡ್ ಡಿಸ್ಕ್ ಆದರೆ ಕೊನೆಯಲ್ಲಿ ಫೈನಲೈಸ್ ಮಾಡಲು ಮರೆಯಬೇಡಿ. ಮರೆತರೆ ಬರೆದ ರೆಕಾರ್ಡರ್‌ನಲ್ಲಿ ಓಡುತ್ತದೆ, ಬೇರೆ ಕಡೆ ಖಾಲಿ ಡಿಸ್ಕ್ ಅನ್ನುತ್ತದೆ.

ಈ ದಾರಿಯ ದೊಡ್ಡ ಕೊರತೆ ಯಂತ್ರಗಳೇ. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿ ಅನ್ನಿಸಿಕೊಂಡ ಜಪಾನಿನ ಫುನಾಯ್ 2016ರ ಜುಲೈನಲ್ಲಿ ನಿಲ್ಲಿಸಿತು. ಈಗ ಸಿಗುವುದೆಲ್ಲ ಬಳಸಿದ್ದು. ಕೊಳ್ಳುವ ಮೊದಲು ಡಿವಿಡಿ ರೆಕಾರ್ಡರ್‌ನಲ್ಲಿ ಒಂದು ಡಿಸ್ಕ್ ಬರೆದು ನೋಡಿ. ಮೊದಲು ಸಾಯುವುದು ಅದರ ಲೇಸರ್.

ದಾರಿ ಎರಡು: ಅನಲಾಗ್ ಕ್ಯಾಪ್ಚರ್, ಕಂಪ್ಯೂಟರ್ ಮೂಲಕ

ವಿಸಿಆರ್‌ನಿಂದ ಹಳದಿ-ಬಿಳಿ-ಕೆಂಪು ಕೇಬಲ್, ಅಥವಾ ಇದ್ದರೆ ಎಸ್-ವಿಡಿಯೋ. ಅಲ್ಲಿಂದ ಯುಎಸ್‌ಬಿ ಕ್ಯಾಪ್ಚರ್ ಸಾಧನ, ಅಲ್ಲಿಂದ ಕಂಪ್ಯೂಟರ್. ಡಿವಿಡಿ ರೆಕಾರ್ಡರ್‌ಗಿಂತ ಇದು ತಲೆನೋವು ಜಾಸ್ತಿ, ಫಲವೂ ಜಾಸ್ತಿ. ಜಾಹೀರಾತು ಕತ್ತರಿಸಬಹುದು, ಚಿತ್ರದ ಕೆಳಗಿನ ಗೊಜಲು ಪಟ್ಟಿಯನ್ನು ಮುಚ್ಚಬಹುದು, ಒಂದೇ ಟೇಪಿನ ಮೂರು ಕಾರ್ಯಕ್ರಮ ಬೇರೆ ಬೇರೆ ಮಾಡಬಹುದು. ಮುಖ್ಯವಾಗಿ, ಡಿಸ್ಕ್ ಹಾಳಾದರೆ ಇನ್ನೊಂದು ಬರೆಯಲು ಫೈಲ್ ನಿಮ್ಮ ಹತ್ತಿರ ಇರುತ್ತದೆ.

ಚಿತ್ರವನ್ನು ಆದಷ್ಟು ಕಡಿಮೆ ಕುಗ್ಗಿಸಿ (ಕಂಪ್ರೆಸ್ ಮಾಡಿ) ಹಿಡಿಯಿರಿ. ಡಿವಿ ಬಗೆಯಲ್ಲಿ ಹಿಡಿದರೆ ಗಂಟೆಗೆ 13 ಜಿಬಿ ಬೇಕು. ಹಫ್‌ವೈಯುವಿಯಂಥ ಲಾಸ್‌ಲೆಸ್ (ಚಿತ್ರದ ಏನನ್ನೂ ಕಳೆಯದ) ಬಗೆಗೆ ಅದಕ್ಕಿಂತಲೂ ಜಾಸ್ತಿ. ಆಮೇಲೆ ನಿಧಾನವಾಗಿ ಎಂಪೆಗ್-2 ಮಾಡಿ ಡಿವಿಡಿ ಬರೆಯಿರಿ. ಹಿಡಿಯುವಾಗಲೇ ಚಿಕ್ಕದು ಮಾಡಿ, ಡಿಸ್ಕಿಗಾಗಿ ಮತ್ತೆ ಚಿಕ್ಕದು ಮಾಡಿದರೆ ಎರಡು ಸಲ ಹಿಂಡಿದ ಹಾಗೆ.

ಇಲ್ಲಿ ಬಹಳ ಜನ ಬೀಳುವ ಗುಂಡಿ ಫೀಲ್ಡ್ ಆರ್ಡರ್. ಹಳೆಯ ಟಿವಿ ಚಿತ್ರದಲ್ಲಿ ಒಂದು ಫ್ರೇಮ್ ಅಂದರೆ ಎರಡು ಅರ್ಧಗಳು: ಗೆರೆಗಳನ್ನು ಒಂದು ಬಿಟ್ಟು ಒಂದರಂತೆ ಹಂಚಿದ ಮೇಲಿನ ಫೀಲ್ಡ್ ಒಂದು, ಕೆಳಗಿನ ಫೀಲ್ಡ್ ಒಂದು. ಯಾವುದು ಮೊದಲು ಅನ್ನುವುದು ಫೈಲಿನಲ್ಲಿ ಬರೆದಿರುತ್ತದೆ. ಡಿವಿಯಲ್ಲಿ ಕೆಳಗಿನದು ಮೊದಲು, ಎಷ್ಟೋ ಕ್ಯಾಪ್ಚರ್ ಸಾಧನಗಳಲ್ಲಿ ಮೇಲಿನದು ಮೊದಲು. ತಿರುಗಿ ಹೋದರೆ ನಿಂತ ಚಿತ್ರ ಸರಿ ಇರುತ್ತದೆ, ಯಾರಾದರೂ ನಡೆದರೆ ಮಾತ್ರ ಎರಡು ಹೆಜ್ಜೆ ಮುಂದೆ ಒಂದು ಹೆಜ್ಜೆ ಹಿಂದೆ ಅನ್ನುವಂತೆ ನಡುಗುತ್ತದೆ. ಕಂಪ್ಯೂಟರ್ ಪರದೆಯಲ್ಲಿ ಇದು ಗೊತ್ತಾಗದೇ ಹೋಗಬಹುದು. ಒಂದು ನಿಮಿಷದ ತುಣುಕನ್ನು ಮರುಬಳಕೆಯ ಡಿಸ್ಕಿಗೆ ಬರೆದು ಟಿವಿಯಲ್ಲಿ ನೋಡಿ.

ಬೀಗದ ವಿಷಯ? ಬಹಳಷ್ಟು ಕ್ಯಾಪ್ಚರ್ ಸಾಧನಗಳೂ ಮ್ಯಾಕ್ರೋವಿಷನ್ ಮತ್ತು ಸಿಜಿಎಂಎಸ್-ಎಯನ್ನು ಗಮನಿಸುತ್ತವೆ. ಕ್ಯಾಮ್‌ಕಾರ್ಡರ್ ಮೂಲಕ ಹಾಯಿಸಿದರೂ ಅಷ್ಟೇ. ಟೇಪಿನ ಸುಳ್ಳು ಬೀಗ ಇಲ್ಲೂ ಕಾಡಬಹುದು, ಮದ್ದು ಅದೇ.

ಬಾಕ್ಸಿನಲ್ಲಿರುವ ಎಚ್‌ಡಿ ರೆಕಾರ್ಡಿಂಗಿಗೆ ಈ ದಾರಿ ಹಿಡಿದರೆ ಸಾಮಾನ್ಯವಾಗಿ ಡಿವಿಡಿ ಮಟ್ಟದ ಚಿತ್ರ ಸಿಗುತ್ತದೆ, 720×576 ಅಥವಾ 720×480. ಕಾಂಪೊನೆಂಟ್ ಔಟ್ (ಚಿತ್ರಕ್ಕೆ ಮೂರು ಕೇಬಲ್ ಬೇಕಾದ ಅನಲಾಗ್ ಕಿಂಡಿ) ಇರುವ ಹಳೆಯ ಬಾಕ್ಸುಗಳಲ್ಲಿ ಎಚ್‌ಡಿ ಸಹ ಹೊರಗೆ ಬರುತ್ತಿತ್ತು. ಆ ಬಾಗಿಲನ್ನು ಉದ್ಯಮ ಬೇಕೆಂದೇ ಮುಚ್ಚುತ್ತಾ ಬಂದಿದೆ. ಬ್ಲೂ-ರೇಯ ಕಾಪಿ ಕಾವಲಾದ ಎಎಸಿಎಸ್‌ನ ಒಪ್ಪಂದದ ಪ್ರಕಾರ 2010ರ ನಂತರದ ಪ್ಲೇಯರ್‌ಗಳಲ್ಲಿ ಅನಲಾಗ್ ಔಟ್‌ಗೆ ಎಚ್‌ಡಿ ಬರುವುದು ನಿಂತಿತು, 2013ರ ನಂತರ ರಕ್ಷಿತ ಚಿತ್ರಕ್ಕೆ ಅನಲಾಗ್ ಔಟೇ ಇಲ್ಲ. ಹೊಸ ಬಾಕ್ಸ್ ಕೊಳ್ಳುವಾಗ ಹಿಂಭಾಗ ತಿರುಗಿಸಿ ನೋಡಿ, ಎಚ್‌ಡಿಎಂಐ ಬಿಟ್ಟು ಬೇರೇನೂ ಕಾಣದಿದ್ದರೆ ಈ ದಾರಿ ನಿಮಗಿಲ್ಲ.

ದಾರಿ ಮೂರು: ಬಾಕ್ಸು ತಾನೇ ಕೊಡುವ ಕಾಪಿ ಸೌಲಭ್ಯ

ಹೆಚ್ಚಿನವರು ಇದನ್ನು ನೋಡುವುದೇ ಇಲ್ಲ. ಮೆನುವಿನಲ್ಲಿ ಆರ್ಕೈವ್, ಡಬ್ಬಿಂಗ್ (ಇಲ್ಲಿ ಕಾಪಿ ಅಂತ ಅರ್ಥ), ಮೂವ್, ಎಕ್ಸ್‌ಪೋರ್ಟ್ ಅನ್ನುವ ಪದ ಎಲ್ಲಾದರೂ ಇದೆಯಾ ಹುಡುಕಿ. ಕೆಲವು ಬಾಕ್ಸುಗಳಲ್ಲಿ ಯಾವ ಕಾರ್ಯಕ್ರಮ ಹೊರಗೆ ಹೋಗಬಹುದು, ಯಾವುದು ಹೋಗಬಾರದು ಅಂತ ಪಟ್ಟಿಯಲ್ಲೇ ಬೀಗದ ಚಿಹ್ನೆ ತೋರಿಸುತ್ತದೆ. ಒಂದೇ ಬಾಕ್ಸಿನಲ್ಲಿ ಉಚಿತ ಚಾನೆಲ್‌ನ ಸುದ್ದಿ ಹೊರಗೆ ಹೋಗುತ್ತದೆ, ಹಣ ಕೊಟ್ಟು ನೋಡುವ ಸಿನಿಮಾ ಹೋಗುವುದಿಲ್ಲ.

ಈ ದಾರಿಯನ್ನು ಅತಿ ಹೆಚ್ಚು ಬೆಳೆಸಿದ್ದು ಜಪಾನ್. ಅಲ್ಲಿ 2004ರಿಂದ ಡಿಜಿಟಲ್ ಪ್ರಸಾರಕ್ಕೆ "ಒಮ್ಮೆ ಮಾತ್ರ" ನಿಯಮ ಬಂತು. ಹಾರ್ಡ್ ಡಿಸ್ಕಿಗೆ ರೆಕಾರ್ಡ್ ಆದದ್ದೇ ಆ ಒಂದು ಕಾಪಿ. ಡಿಸ್ಕಿಗೆ ಹಾಕಬೇಕೆಂದರೆ ಸಾಗಿಸಬೇಕು, ಸಾಗಿಸಿದರೆ ಹಾರ್ಡ್ ಡಿಸ್ಕಿನಿಂದ ಅಳಿಸಿಹೋಗುತ್ತದೆ. ಬರೆಯುವಾಗ ಡಿಸ್ಕ್ ಕೈಕೊಟ್ಟರೆ ಅಲ್ಲೂ ಇಲ್ಲ, ಇಲ್ಲೂ ಇಲ್ಲ. ಜನ ಸಿಟ್ಟಾದರು. 2008ರ ಜುಲೈ 4ರಿಂದ "ಡಬ್ಬಿಂಗ್ 10" ಬಂತು: ಒಂಬತ್ತು ಸಲ ಕಾಪಿ, ಹತ್ತನೆಯದು ಸಾಗಣೆ. ಡಿವಿಡಿಗೆ ಸಿಪಿಆರ್‌ಎಂ, ಬ್ಲೂ-ರೇಗೆ ಎಎಸಿಎಸ್ ಕಾವಲು.

ಅಮೆರಿಕದಲ್ಲಿ ಕಥೆ ಬೇರೆ ಥರ ನಡೆಯಿತು. ಉಚಿತ ಪ್ರಸಾರಕ್ಕೂ ಇಂಥ ಗುರುತು ಕಡ್ಡಾಯ ಮಾಡಲು ಅಲ್ಲಿನ ಪ್ರಸಾರ ನಿಯಂತ್ರಣ ಸಂಸ್ಥೆ ಎಫ್‌ಸಿಸಿ 2003ರಲ್ಲಿ ಹೊರಟಿತು, 2005ರಲ್ಲಿ ನ್ಯಾಯಾಲಯ ಅದನ್ನು ಹೊಡೆದುಹಾಕಿತು. ಹಾಗಾಗಿ ಯಾವ ದೇಶದ, ಯಾವ ಪ್ರಸಾರ ಪದ್ಧತಿಯ ಬಾಕ್ಸ್ ಅನ್ನುವುದರ ಮೇಲೆ ನಿಮ್ಮ ಭಾಗ್ಯ ನಿಂತಿದೆ.

ಕೆಲವು ಸಾಧನಗಳು ಮನೆಯ ನೆಟ್‌ವರ್ಕ್ ಮೂಲಕವೂ ಸಾಗಿಸುತ್ತವೆ, ಡಿಟಿಸಿಪಿ-ಐಪಿ ಅನ್ನುವ ವ್ಯವಸ್ಥೆಯಲ್ಲಿ. ಕಳಿಸುವ ಬಾಕ್ಸು, ಪಡೆಯುವ ರೆಕಾರ್ಡರ್ ಎರಡಕ್ಕೂ ಅದು ಬರಬೇಕು. ಹೊಂದಿದರೆ ಚಿತ್ರದ ಗುಣಮಟ್ಟ ಒಂದಿಷ್ಟೂ ಕೆಡುವುದಿಲ್ಲ, ನಿಜ ವೇಳೆಗಿಂತ ಬೇಗ ಮುಗಿಯುತ್ತದೆ. ಹೊಂದದಿದ್ದರೆ ಸುಮ್ನೆ "ಸಾಧನ ಸಿಗಲಿಲ್ಲ" ಅನ್ನುತ್ತದೆ, ಕಾರಣ ಹೇಳುವುದಿಲ್ಲ.

ನನ್ನ ಮಟ್ಟಿಗೆ, ಈಗಾಗಲೇ ಬಾಕ್ಸಿನಲ್ಲಿ ಕೂತಿರುವ ರೆಕಾರ್ಡಿಂಗಿಗೆ ಮೊದಲು ತಟ್ಟಬೇಕಾದ ಬಾಗಿಲು ಇದು. ಕೊರತೆ ಅಂದರೆ ಹೊರಬಂದ ಡಿಸ್ಕ್ ಕೂಡ ಬೀಗ ಹಾಕಿಕೊಂಡೇ ಬರಬಹುದು.

ದಾರಿ ನಾಲ್ಕು: ಎಚ್‌ಡಿಎಂಐ ಕ್ಯಾಪ್ಚರ್

ಆಟದ ವಿಡಿಯೋ ಹಿಡಿಯಲು ಬರುವ ಕ್ಯಾಪ್ಚರ್ ಕಾರ್ಡುಗಳನ್ನು ನೋಡಿ, ಬಾಕ್ಸಿಗೂ ಇದೇ ಸಾಕು ಅಂದುಕೊಳ್ಳುವುದು ಸಹಜ. ಬಾಕ್ಸು ಎಚ್‌ಡಿಸಿಪಿ ಹಾಕಿದ್ದರೆ ಕಾರ್ಡಿನಲ್ಲಿ ಕಾಣುವುದು ಕಪ್ಪು. ಎಚ್‌ಡಿಸಿಪಿ ಹಾಕದ ಬಾಕ್ಸುಗಳು, ಕ್ಯಾಮೆರಾಗಳು, ಕೆಲವು ಹಳೆಯ ರೆಕಾರ್ಡರ್‌ಗಳು ಇವೆ. ಅವುಗಳಿಗೆ ಇದು ಚೆಂದದ ದಾರಿ.

ಎಚ್‌ಡಿಸಿಪಿಯನ್ನು ಕಳಚುವ ಸಣ್ಣ ಪೆಟ್ಟಿಗೆಗಳು ಮಾರಾಟಕ್ಕಿರುವುದು ಗುಟ್ಟೇನಲ್ಲ. ಅವನ್ನು ನಾನು ಈ ಹೋಲಿಕೆಗೆ ಸೇರಿಸುವುದಿಲ್ಲ. ಅಲ್ಲಿ ನಿಜವಾದ ಬೀಗವನ್ನೇ ಒಡೆಯುವ ಕೆಲಸ ನಡೆಯುತ್ತದೆ, ಟೇಪಿನ ಸುಳ್ಳು ಬೀಗದ ಹಾಗಲ್ಲ.

ಕಾನೂನಿನ ಮಾತು ಇಲ್ಲೇ ಮುಗಿಸಿಬಿಡೋಣ. ಟಿವಿ ಕಾರ್ಯಕ್ರಮವನ್ನು ಆಮೇಲೆ ನೋಡಲು ಮನೆಯಲ್ಲಿ ರೆಕಾರ್ಡ್ ಮಾಡುವುದು ತಪ್ಪಲ್ಲ ಅಂತ ಅಮೆರಿಕದ ಸುಪ್ರೀಂ ಕೋರ್ಟ್ 1984ರಲ್ಲಿ ಸೋನಿ ಬೀಟಾಮ್ಯಾಕ್ಸ್ ಪ್ರಕರಣದಲ್ಲಿ 5-4 ಬಹುಮತದಿಂದ ಹೇಳಿತು. ಆದರೆ ಅಲ್ಲಿನದೇ 1998ರ ಡಿಎಂಸಿಎ ಎಂಬ ಕೃತಿಸ್ವಾಮ್ಯ ಕಾಯ್ದೆ ಬೀಗ ಒಡೆಯುವುದನ್ನೇ ಬೇರೆ ತಪ್ಪಾಗಿ ಮಾಡಿತು. ಜಪಾನ್ 2012ರಲ್ಲಿ ಡಿವಿಡಿಯ ಬೀಗ ಕಳಚಿ ಕಾಪಿ ಮಾಡುವುದನ್ನು ಸ್ವಂತ ಬಳಕೆಯ ವಿನಾಯಿತಿಯಿಂದ ಹೊರಗಿಟ್ಟಿತು. ಅದೇ 2012ರಲ್ಲಿ ಭಾರತದ ಕೃತಿಸ್ವಾಮ್ಯ ಕಾಯ್ದೆಗೆ 65ಎ ಕಲಂ ಸೇರಿತು, ಅಲ್ಲಿ ಹಕ್ಕು ಉಲ್ಲಂಘಿಸುವ ಉದ್ದೇಶ ಇತ್ತೇ ಅನ್ನುವುದು ಮುಖ್ಯ. ರೆಕಾರ್ಡ್ ಮಾಡುವ ಹಕ್ಕು ಮತ್ತು ಬೀಗ ಒಡೆಯುವ ಹಕ್ಕು ಎರಡೂ ಬೇರೆ ಬೇರೆ. ಮಾರುವುದಕ್ಕೆ, ಹಂಚುವುದಕ್ಕೆ ಅಂತೂ ಎಲ್ಲೂ ಅನುಮತಿ ಇಲ್ಲ.

ದಾರಿ ಐದು: ಬೀಗ ಬೀಳುವ ಮೊದಲೇ ಹಿಡಿಯುವುದು

ಇನ್ನು ಮುಂದೆ ರೆಕಾರ್ಡ್ ಮಾಡುವವರು ಇದನ್ನು ಗಮನವಿಟ್ಟು ಓದಿ. ಆಂಟೆನಾದಿಂದಲೋ ಡಿಶ್‌ನಿಂದಲೋ ಬರುವ ಉಚಿತ ಚಾನೆಲ್‌ಗಳು ಬಹಳ ಕಡೆ ಎನ್‌ಕ್ರಿಪ್ಷನ್ ಇಲ್ಲದೆಯೇ ಬರುತ್ತವೆ. ಬೀಗ ಹಾಕುವುದು ರೆಕಾರ್ಡ್ ಮಾಡುವ ಪೆಟ್ಟಿಗೆ. ಹಾಗಾದರೆ ಪೆಟ್ಟಿಗೆ ಬದಲಿಸಿದರೆ ಆಯಿತು ತಾನೇ? ಕಂಪ್ಯೂಟರಿಗೆ ಹಾಕುವ ಡಿವಿಬಿ ಟ್ಯೂನರ್ (ಡಿಜಿಟಲ್ ಟಿವಿ ಪ್ರಸಾರ ಹಿಡಿಯುವ ಸಾಧನ), ಅಥವಾ ಮನೆಯ ನೆಟ್‌ವರ್ಕ್‌ಗೆ ಸೇರಿಸುವ ಟ್ಯೂನರ್ ಇದ್ದರೆ ಪ್ರಸಾರ ಹೇಗೆ ಬಂತೋ ಹಾಗೆ ಟಿಎಸ್ ಫೈಲ್ ಆಗಿ ಕೂರುತ್ತದೆ. ಯಾವ ಬೀಗವನ್ನೂ ಒಡೆದಿಲ್ಲ, ಯಾಕೆಂದರೆ ಬೀಗ ಇರಲೇ ಇಲ್ಲ.

ಗುಣಮಟ್ಟದಲ್ಲಿ ಇದಕ್ಕೆ ಸಾಟಿ ಇಲ್ಲ, ಸ್ಟೇಷನ್ ಕಳಿಸಿದ ಬಿಟ್ಟುಗಳೇ ನಿಮ್ಮ ಹತ್ತಿರ ಇರುತ್ತವೆ. ಸಾಮಾನ್ಯ ಪ್ರಸಾರ 4 ಎಂಬಿಪಿಎಸ್‌ನಲ್ಲಿ ಬಂದರೆ ಗಂಟೆಗೆ 1.8 ಜಿಬಿ, ಎಚ್‌ಡಿ 10 ಎಂಬಿಪಿಎಸ್‌ನಲ್ಲಿ ಬಂದರೆ 4.5 ಜಿಬಿ.

ಕತ್ತರಿಸುವಾಗ ಒಂದು ಸೂಕ್ಷ್ಮ ಇದೆ. ಎಂಪೆಗ್ ಚಿತ್ರದಲ್ಲಿ ಪೂರ್ತಿ ಚಿತ್ರ ಆಗಾಗ ಮಾತ್ರ ಬರುತ್ತದೆ, ಮಧ್ಯದ ಫ್ರೇಮ್‌ಗಳಲ್ಲಿ ಏನು ಬದಲಾಯಿತು ಅನ್ನುವುದಷ್ಟೇ ಇರುತ್ತದೆ. ಮರು ಎನ್‌ಕೋಡ್ ಮಾಡದೆ ಕತ್ತರಿಸಬೇಕೆಂದರೆ ಆ ಪೂರ್ತಿ ಚಿತ್ರದ ಮೇಲೆಯೇ ಕತ್ತರಿ ಬೀಳಬೇಕು. ಲಾಸ್‌ಲೆಸ್‌ಕಟ್, ಅವಿಡೆಮಕ್ಸ್ ಥರದ ಉಚಿತ ಸಾಫ್ಟ್‌ವೇರ್‌ಗಳಲ್ಲಿ ಒಂದೊಂದು ಪೂರ್ತಿ ಚಿತ್ರಕ್ಕೆ, ಅಂದರೆ ಕೀಫ್ರೇಮಿಗೆ, ಹಾರುವ ಬಟನ್ ಇದೆ. ಬೇರೆ ಕಡೆ ಕತ್ತರಿಸಿದರೆ ಆ ಜಾಗದಲ್ಲಿ ಅರ್ಧ ಸೆಕೆಂಡು ಬೂದು ಚೌಕಗಳು ಕಾಣುತ್ತವೆ. ಜಾಹೀರಾತಿನ ಕೊನೆಯ ಒಂದು ಕ್ಷಣ ಉಳಿದರೂ ಪರವಾಗಿಲ್ಲ, ಮಾತಿನ ಮೊದಲ ಅಕ್ಷರ ಹೋಗಬಾರದು.

ಇದನ್ನು ಡಿವಿಡಿ ಮಾಡುವಾಗ ಪ್ರಸಾರ ಎಂಪೆಗ್-2 ಎಸ್‌ಡಿ (ಎಚ್‌ಡಿ ಅಲ್ಲದ ಸಾಮಾನ್ಯ ಚಿತ್ರ) ಆಗಿದ್ದರೆ ಹಲವು ಸಲ ಮರು ಎನ್‌ಕೋಡ್ ಇಲ್ಲದೇ ಡಿಸ್ಕಿಗೆ ಹೋಗುತ್ತದೆ. ಎಚ್‌.264 ಎಂಬ ಹೊಸ ಪದ್ಧತಿಯ ಎಚ್‌ಡಿ ಆಗಿದ್ದರೆ ಡಿವಿಡಿಗೆ ಇಳಿಸಲು ಚಿಕ್ಕದು ಮಾಡಲೇಬೇಕು, ಆಡಿಯೋ ಎಎಸಿ ಬಗೆಯದಾದರೆ ಡಿವಿಡಿಗೆ ಹೊಂದುವ ಎಸಿ-3 ಬಗೆಗೆ ಬದಲಿಸಬೇಕು. ಎಚ್‌ಡಿಯನ್ನು ಡಿವಿಡಿಗೆ ಇಳಿಸಲು ಇಷ್ಟೆಲ್ಲ ಒದ್ದಾಡುವ ಬದಲು ಬ್ಲೂ-ರೇಗೆ ಹಾಕಿ. 25 ಜಿಬಿ ಡಿಸ್ಕಿನಲ್ಲಿ 10 ಎಂಬಿಪಿಎಸ್ ಎಚ್‌ಡಿ ಐದೂವರೆ ಗಂಟೆ ಹಿಡಿಯುತ್ತದೆ.

ಮಿತಿ ಏನು? ಹಣ ಕೊಟ್ಟು ನೋಡುವ ಚಾನೆಲ್‌ಗಳಿಗೆ ಇದು ನಡೆಯುವುದಿಲ್ಲ, ಅವು ಗಾಳಿಯಲ್ಲೇ ಎನ್‌ಕ್ರಿಪ್ಟ್ ಆಗಿ ಬರುತ್ತವೆ. ಅಮೆರಿಕದ ಹೊಸ ಎಟಿಎಸ್‌ಸಿ 3.0 ಪ್ರಸಾರದಲ್ಲಿ ಕೆಲವು ಉಚಿತ ಚಾನೆಲ್‌ಗಳಿಗೂ ಡಿಆರ್‌ಎಂ (ಡಿಜಿಟಲ್ ಬೀಗ) ಹಾಕುತ್ತಿದ್ದಾರೆ, ಅದು ಹರಡಿದರೆ ಈ ದಾರಿಯೂ ಕಿರಿದಾಗುತ್ತದೆ.

ಹಾಗಾದರೆ ಯಾರಿಗೆ ಯಾವುದು?

ಮನೆಯಲ್ಲೇ ರೆಕಾರ್ಡ್ ಮಾಡಿದ ವಿಎಚ್‌ಎಸ್, ಟೇಪು ಕಡಿಮೆ, ಕಂಪ್ಯೂಟರ್ ಬೇಡ: ಡಿವಿಡಿ ರೆಕಾರ್ಡರ್, ಎರಡು ಗಂಟೆ ಮೋಡ್. ಟೇಪು ಜಾಸ್ತಿ ಇದ್ದರೆ, ಕೆಲವು ಬಹಳ ಬೇಕಾದವು ಇದ್ದರೆ, ಅನಲಾಗ್ ಕ್ಯಾಪ್ಚರ್ ಜತೆಗೆ ಟಿಬಿಸಿ. ಡಿವಿಡಿ ರೆಕಾರ್ಡರ್‌ನಲ್ಲಿ ತಪ್ಪಿದರೆ ತಿದ್ದಲು ದಾರಿ ಇಲ್ಲ, ಕ್ಯಾಪ್ಚರ್‌ನಲ್ಲಿ ಇದೆ.

ಬಾಕ್ಸಿನಲ್ಲಿ ಕೂತಿರುವ ರೆಕಾರ್ಡಿಂಗ್: ಮೊದಲು ಮೆನುವಿನ ಎಕ್ಸ್‌ಪೋರ್ಟ್, ಇಲ್ಲದಿದ್ದರೆ ಅನಲಾಗ್ ಔಟ್. ಬಾಕ್ಸಿನ ಹಾರ್ಡ್ ಡಿಸ್ಕ್ ಬಿಚ್ಚಿ ಕಂಪ್ಯೂಟರಿಗೆ ಹಾಕುವ ಯೋಚನೆ ಬಂದರೆ ಒಂದು ಎಚ್ಚರಿಕೆ. ಗುರುತು ಸಿಗದ ಡಿಸ್ಕ್ ಕಂಡಾಗ ಕಂಪ್ಯೂಟರ್ "ಫಾರ್ಮ್ಯಾಟ್ ಮಾಡಲೇ?" ಅಂತ ಕೇಳುತ್ತದೆ. ಹೂಂ ಅಂದರೆ ಎಲ್ಲ ಹೋಯಿತು. ಬೇಡ ಅಂದರೂ ಒಳಗಿರುವುದು ಗೂಢಲಿಪಿ, ಪ್ರಯೋಜನ ಇಲ್ಲ. ಎಕ್ಸ್‌ಪೋರ್ಟೂ ಇಲ್ಲ, ಅನಲಾಗೂ ಇಲ್ಲ ಅಂದರೆ ಆ ಕಾರ್ಯಕ್ರಮ ಡಿಸ್ಕ್ ಆಗಿಯೋ ಆನ್‌ಲೈನ್‌ನಲ್ಲಿಯೋ ಬಂದಿದೆಯಾ ನೋಡಿ. ಧಾರಾವಾಹಿ, ಸಿನಿಮಾ ಆದರೆ ಬಹಳ ಸಲ ಬಂದಿರುತ್ತದೆ. ಅದನ್ನು ಕೊಳ್ಳುವುದೇ ವಾಸಿ.

ಉಚಿತ ಚಾನೆಲ್ ನೋಡುವವರು, ಮುಂದೆ ಬರುವ ಕಾರ್ಯಕ್ರಮ ಉಳಿಸಿಕೊಳ್ಳಬೇಕೆನ್ನುವವರು: ಟ್ಯೂನರ್. ಇದರಲ್ಲಿ ಎರಡು ಮಾತಿಲ್ಲ. ನೀವು ಟಿವಿಯಲ್ಲಿ ಬಂದ ಕಾರ್ಯಕ್ರಮ ಇದ್ದರೆ, ಮಗಳ ನೃತ್ಯ ಪ್ರಸಾರವಾಗುವುದಿದ್ದರೆ, ಸ್ಟೇಷನ್‌ಗೇ ಒಂದು ಕಾಪಿ ಕೇಳಿ ನೋಡಿ. ಕೆಲವು ಕೊಡುತ್ತವೆ.

ಡಿಸ್ಕ್ ಯಾವುದು?

ಹಳೆಯ ಪ್ಲೇಯರ್‌ಗಳಿಗೆ ಡಿವಿಡಿ-ಆರ್ ಹೆಚ್ಚು ಹೊಂದುತ್ತದೆ. ಅತಿ ವೇಗದಲ್ಲಿ ಬರೆಯಬೇಡಿ, 8ಎಕ್ಸ್ ಸಾಕು. ಡಬಲ್ ಲೇಯರ್ 8.5 ಜಿಬಿ ಡಿಸ್ಕಿಗಿಂತ ಎರಡು ಒಂಟಿ ಪದರದ ಡಿಸ್ಕ್ ಮೇಲು, ಹಳೆಯ ಪ್ಲೇಯರ್ ಪದರ ಬದಲಾಗುವ ಕಡೆ ತಡವರಿಸುತ್ತದೆ. ಎಚ್‌ಡಿಗೆ ಬಿಡಿ-ಆರ್, ಅಂದರೆ ಬರೆಯುವ ಬ್ಲೂ-ರೇ ಡಿಸ್ಕ್. ಸೋನಿ 2025ರ ಫೆಬ್ರವರಿಯಲ್ಲಿ ಬರೆಯುವ ಬ್ಲೂ-ರೇ ಡಿಸ್ಕುಗಳ ತಯಾರಿಕೆ ನಿಲ್ಲಿಸಿತು. ಬೇರೆ ಕಂಪನಿಗಳ ಡಿಸ್ಕ್ ಇನ್ನೂ ಸಿಗುತ್ತವೆ, ಆದರೆ ಬಿಡಿ-ಆರ್ ಮೇಲೆ ಪೂರ್ತಿ ಭರವಸೆ ಇಡುವ ಕಾಲ ಇದಲ್ಲ. ಬೀಗ ಇಲ್ಲದ ಫೈಲನ್ನು ಒಂದು ಹಾರ್ಡ್ ಡಿಸ್ಕಿನಲ್ಲೂ ಇಟ್ಟುಕೊಳ್ಳಿ.

ಬರೆದ ಡಿಸ್ಕನ್ನು ಬರೆದ ಯಂತ್ರದಲ್ಲೇ ಪರೀಕ್ಷೆ ಮಾಡಿದರೆ ಸಾಲದು. ಬೇರೆ ಪ್ಲೇಯರ್‌ಗೆ ಹಾಕಿ, ಕೊನೆಯ ಹತ್ತು ನಿಮಿಷಕ್ಕೆ ಓಡಿಸಿ ನೋಡಿ. ಡಿಸ್ಕಿನ ಹೊರ ಅಂಚಿನಲ್ಲೇ ಬರಹ ಮೊದಲು ಕೆಡುವುದು. ಅಲ್ಲಿ ಚಿತ್ರ ನಿಲ್ಲದೆ ಓಡಿದರೆ ಬಾಕ್ಸಿನಲ್ಲಿರುವುದನ್ನು ಅಳಿಸಿ. ಟೇಪನ್ನು ಮಾತ್ರ ಆಗಲೂ ಬಿಸಾಡಬೇಡಿ.